ಒಳಗೆ ಜನ, ಹೊರಗೆ ಬೀಗ

ಕೆಲಸ ಮಾಡುವ ಸ್ಥಳದಲ್ಲಿ ಬೆಂಕಿ ಎದ್ದರೆ ಒಳಗಿರುವವರು ಹೊರಕ್ಕೆ ಬರಲು ಸರಿಯಾದ ದಾರಿ ಇರಬೇಕೆಂಬ ಮಾತನ್ನು ಅಲ್ಲಗಳೆಯುವವರನ್ನು ನಾವು ಇದುವರೆಗೆ ಕಂಡಿಲ್ಲ. ಯಜಮಾನರು ಅದನ್ನು ಒಪ್ಪುತ್ತಾರೆ, ಅಧಿಕಾರಿಗಳು ಒಪ್ಪುತ್ತಾರೆ, ದೇಶದ ಕಾನೂನು ಮುಕ್ಕಾಲು ಶತಮಾನದಿಂದ ಅದನ್ನೇ ಹೇಳಿಕೊಂಡು ಬಂದಿದೆ. ಆದರೂ ಅನಾಹುತವೊಂದು ನಡೆದು ಹೆಣಗಳನ್ನು ಎಣಿಸಿದ ಮಾರನೆಯ ದಿನ ಪತ್ರಿಕೆಗಳಲ್ಲಿ ಅಚ್ಚಾಗುವ ವಾಕ್ಯ ಮಾತ್ರ ಮತ್ತೆ ಮತ್ತೆ ಒಂದೇ ಆಗಿರುತ್ತದೆ: ದಾರಿ ಇರಲಿಲ್ಲ. ಒಂದು ಸಲ ಬಾಗಿಲಿಗೆ ಬೀಗ ಬಿದ್ದಿರುತ್ತದೆ. ಇನ್ನೊಂದು ಸಲ ಬಾಗಿಲ ಮುಂದೆ ಮೂಟೆಗಳನ್ನು ಪೇರಿಸಿರುತ್ತಾರೆ. ಮತ್ತೊಂದು ಸಲ ಎರಡನೆಯ ಬಾಗಿಲು ನಕ್ಷೆಯಲ್ಲಿ ಇರುತ್ತದೆ, ಗೋಡೆಯಲ್ಲಿ ಇರುವುದಿಲ್ಲ. ಎಲ್ಲರೂ ಒಪ್ಪಿದ ಮಾತು ಯಾರಿಂದಲೂ ನಡೆಯದೆ ಉಳಿಯುವುದು ಹೇಗೆಂಬುದೇ ಈ ದಿನ ನಾವು ವಿಚಾರಮಾಡಬೇಕೆಂದಿರುವ ವಿಷಯ.

ಈ ವಿಚಾರಕ್ಕೆ ಈಗ ವಿಶೇಷವಾದ ಕಾರಣವೂ ಉಂಟು. ೨೦೨೫ನೆಯ ಇಸವಿ ನವೆಂಬರ್ ೨೧ನೆಯ ತಾರೀಖಿನಿಂದ ಕೇಂದ್ರ ಸರ್ಕಾರದವರು ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಿರುತ್ತಾರೆ. ಅವುಗಳಲ್ಲಿ ಒಂದಾದ, ೨೦೨೦ರಲ್ಲಿ ಪಾರ್ಲಿಮೆಂಟು ಅಂಗೀಕರಿಸಿದ, ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯು ೧೯೪೮ರ ಕಾರ್ಖಾನೆಗಳ ಕಾಯಿದೆಯ ಸ್ಥಾನಕ್ಕೆ ಬಂದಿದೆ. ಹಳೆಯ ಮನೆಯನ್ನು ಬಿಟ್ಟು ಹೊಸ ಮನೆಗೆ ಹೋಗುವ ಗೃಹಸ್ಥನು ದೇವರ ಪೆಟ್ಟಿಗೆಯನ್ನು ಮರೆತು ಬರುವುದಿಲ್ಲ. ಜೀವರಕ್ಷಣೆಗೆ ಸಂಬಂಧಪಟ್ಟ ಯಾವ ಯಾವ ಮಾತುಗಳು ಹಳೆಯ ಕಾಯಿದೆಯಲ್ಲಿದ್ದುವು, ಅವು ಹೊಸ ಏರ್ಪಾಡಿನಲ್ಲಿ ಎಲ್ಲಿ ಕುಳಿತಿವೆ ಎಂಬುದನ್ನು ಪರೀಕ್ಷಿಸುವುದಕ್ಕೆ ಇದೇ ತಕ್ಕ ಸಮಯ.

ಬೆಂಗಳೂರಿನ ಉತ್ತರಭಾಗದ ವಾಚಕರಿಗೆ ಈ ವಿಷಯ ದೂರದ್ದಲ್ಲ. ತುಮಕೂರು ರಸ್ತೆಯ ಕಡೆಯಿಂದ ಬಾಗಲಗುಂಟೆ, ಚಿಕ್ಕಬಾಣಾವರಗಳ ಮೇಲೆ ಹೆಸರಘಟ್ಟಕ್ಕೆ ಹೋಗುವ ರಸ್ತೆಯನ್ನು ನೋಡಿರಿ. ಅದರ ಬುಡದ ನೆರೆಯಲ್ಲಿ ಪೀಣ್ಯದ ಕೈಗಾರಿಕಾ ಪ್ರದೇಶ; ಅಲ್ಲಿ ಯಂತ್ರದ ಬಿಡಿಭಾಗಗಳನ್ನು ಕಡೆಯುವ, ಬಣ್ಣ ಬಳಿಯುವ, ಸಿದ್ಧ ಉಡುಪು ಹೊಲಿಯುವ ಸಾವಿರಾರು ಕಾರ್ಖಾನೆಗಳು, ಬಹುಪಾಲು ಸಣ್ಣವು. ಹಿಂದಿನವರು ಹೆಸರಘಟ್ಟವನ್ನು ನೆನೆಯುತ್ತಿದ್ದುದು ನೀರಿಗಾಗಿ. ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರವರ ಕಾಲದಲ್ಲಿ, ೧೮೯೪ರಲ್ಲಿ, ಅರ್ಕಾವತಿಗೆ ಅಡ್ಡಲಾಗಿ ಕೆರೆ ಕಟ್ಟಿ, ಅದರ ನೀರನ್ನು ಸೋಲದೇವನಹಳ್ಳಿಗೆ ಹರಿಸಿ, ಅಲ್ಲಿಂದ ಯಂತ್ರಬಲದಿಂದ ಬೆಂಗಳೂರಿಗೆ ಏರಿಸಿದರು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಬಾರದೆಂಬ ಗಾದೆಯ ಅರ್ಥವನ್ನು ತಿಳಿದಿದ್ದ ಆ ಹಿರಿಯರು ನೀರು ಬೇಕಾಗುವುದಕ್ಕೆ ಮೊದಲೇ ನೀರನ್ನು ತಂದರು. ಬಾವಿಯ ವಿಷಯದಲ್ಲಿ ನಮಗಿದ್ದ ಬುದ್ಧಿ ಬಾಗಿಲಿನ ವಿಷಯದಲ್ಲಿ ಇಲ್ಲದಿರುವುದು ವಿಷಾದದ ಸಂಗತಿ. ಕಟ್ಟಡದೊಳಗೆ ಸಿಕ್ಕಿಕೊಂಡವನ ಬಳಿಗೆ ನೀರು ಬರುವುದಕ್ಕಿಂತ ಬಹಳ ಮೊದಲೇ ಹೊಗೆ ಬರುತ್ತದೆ. ಅವನನ್ನು ಉಳಿಸತಕ್ಕದ್ದು ಕೆರೆಯ ನೀರಲ್ಲ, ತೆರೆದ ಬಾಗಿಲು.

ಇದಕ್ಕೆ ಬೆಂಗಳೂರೇ ಸಾಕ್ಷಿ. ೨೦೧೦ನೆಯ ಇಸವಿ ಫೆಬ್ರವರಿ ೨೩ರಂದು ಹಳೆಯ ವಿಮಾನನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್ ಎಂಬ ಕಟ್ಟಡದಲ್ಲಿ, ಜನರು ತಮ್ಮ ತಮ್ಮ ಕಚೇರಿಗಳಲ್ಲಿ ಕೆಲಸದಲ್ಲಿದ್ದ ಹೊತ್ತಿಗೆ, ವಿದ್ಯುತ್ ತಂತಿಗಳು ಹಾದುಹೋಗುವ ಕೊಳವೆಯಲ್ಲಿ ಬೆಂಕಿ ಕಾಣಿಸಿತು. ಬೆಂಕಿ ದೊಡ್ಡದಲ್ಲ, ಹೊಗೆ ದೊಡ್ಡದು. ಅದು ಮೇಲಿನ ಅಂತಸ್ತುಗಳನ್ನು ತುಂಬಿತು. ಉಸಿರಾಡಲಾರದವರು ಕಿಟಕಿಯ ಗಾಜನ್ನು ಒಡೆದು ಹೊರಕ್ಕೆ ಬಾಗಿದರು. ಕೆಲವರು ಎಲ್ಲರೂ ನೋಡುತ್ತಿದ್ದಂತೆಯೇ ಮೇಲಿನಿಂದ ಧುಮುಕಿದರು. ಒಂಬತ್ತು ಜನ ಸತ್ತರು, ಗಾಯಗೊಂಡವರು ಹಲವರು. ತುರ್ತಿನ ದಾರಿಗಳು ಮುಚ್ಚಿದ್ದುವೆಂಬ ವರದಿ ಆಗ ನಾಡಿನಲ್ಲೆಲ್ಲ ಹಬ್ಬಿತು. ಅದು ಹಳ್ಳಿಯ ಗುಡಾರವಲ್ಲ, ರಾಜಧಾನಿಯ ನಡುವಿನ ಹೊಸಕಾಲದ ಕಟ್ಟಡ. ಅಲ್ಲಿದ್ದವರು ಓದು ಬರಹ ಬಲ್ಲ ನೌಕರರು. ಹೀಗಿರುವಾಗ ಬಾಗಿಲಿನ ಪ್ರಶ್ನೆ ಬಡ ಕೂಲಿಯವರ ಪ್ರಶ್ನೆಯೆಂದು ಯಾರೂ ತಾತ್ಸಾರಮಾಡಲಾಗದು. ಸತ್ತವರ ಬಂಧುಮಿತ್ರರು ತಮ್ಮ ದುಃಖವನ್ನು ಮನೆಯೊಳಗೇ ಇಟ್ಟುಕೊಳ್ಳದೆ ‘ಬಿಯಾಂಡ್ ಕಾರ್ಲ್‌ಟನ್’ ಎಂಬ ಸಂಸ್ಥೆಯನ್ನು ಕಟ್ಟಿ ಜನರಿಗೆ ತಿಳಿವಳಿಕೆ ಕೊಡುತ್ತ ಬಂದಿರುವುದು ಶ್ಲಾಘನೀಯ. ಆದರೆ ಸರ್ಕಾರ ಮಾಡಬೇಕಾದ ಕೆಲಸವನ್ನು ಮಕ್ಕಳನ್ನು ಕಳೆದುಕೊಂಡವರು ಮಾಡಬೇಕಾಗಿ ಬಂದುದು ನಾಡಿಗೆ ಗೌರವದ ವಿಷಯವಲ್ಲ.

ಅನಂತರವಾದರೂ ಪಾಠ ಕಲಿತೆವೆಯೇ? ೨೦೧೮ರ ಜನವರಿ ೮ರ ಬೆಳಗಿನ ಜಾವ ಕಲಾಸಿಪಾಳ್ಯದ ಬಾರೊಂದರಲ್ಲಿ ಬೆಂಕಿ ಬಿದ್ದು, ದಿನದ ದುಡಿಮೆ ಮುಗಿಸಿ ಅಲ್ಲಿಯೇ ಮಲಗಿದ್ದ ಐವರು ಕೆಲಸಗಾರರು ಎದ್ದು ಹೊರಬರಲಿಲ್ಲ. ೨೦೨೩ರ ಅಕ್ಟೋಬರ್ ೭ರಂದು ಅತ್ತಿಬೆಲೆಯ ಪಟಾಕಿ ಮಳಿಗೆಯಲ್ಲಿ, ದೀಪಾವಳಿಯ ವ್ಯಾಪಾರಕ್ಕೆ ಸರಕು ಇಳಿಸುತ್ತಿದ್ದ ಹೊತ್ತಿನಲ್ಲಿ, ಹದಿನಾಲ್ಕಕ್ಕೂ ಹೆಚ್ಚು ಜನ ಬಲಿಯಾದರು. ಅವರಲ್ಲಿ ಬಹುಮಂದಿ ಹಬ್ಬದ ಮುಂಚೆ ನಾಲ್ಕು ಕಾಸು ಸಂಪಾದಿಸಲು ತಮಿಳುನಾಡಿನಿಂದ ಬಂದಿದ್ದ ಎಳೆಯ ಹುಡುಗರು. ೨೦೨೫ರ ಆಗಸ್ಟ್ ೧೬ರಂದು, ಸ್ವಾತಂತ್ರ್ಯ ದಿನದ ಮಾರನೆಯ ಬೆಳಗ್ಗೆ, ನಗರ್ತಪೇಟೆಯಲ್ಲಿ ಸರಕೂ ಸಂಸಾರವೂ ಒಂದೇ ಕಟ್ಟಡದಲ್ಲಿದ್ದ ಕಡೆ ಬೆಂಕಿ ಎದ್ದು, ಚಿಕ್ಕ ಮಕ್ಕಳೂ ಸೇರಿದಂತೆ ಐವರು ಮಡಿದರು. ಈ ಮೂರು ಪ್ರಸಂಗಗಳಲ್ಲಿ ಬೆಂಕಿಯ ಮೂಲ ಬೇರೆ ಬೇರೆ. ಆದರೆ ಮೂರು ಕಡೆಯೂ ಒಳಗಿದ್ದವರು ಒಳಗೇ ಉಳಿದರು.

ಬೆಂಕಿಯ ಸಾವನ್ನು ನಾವು ಜ್ವಾಲೆಯ ಸಾವೆಂದು ಕಲ್ಪಿಸಿಕೊಳ್ಳುತ್ತೇವೆ. ವಾಸ್ತವ ಹಾಗಲ್ಲ. ಕಟ್ಟಡದ ಬೆಂಕಿಯಲ್ಲಿ ಸಾಯುವವರಲ್ಲಿ ಹೆಚ್ಚಿನವರು ಸುಟ್ಟು ಸಾಯುವುದಕ್ಕೆ ಮೊದಲು ಉಸಿರುಗಟ್ಟಿ ಬೀಳುತ್ತಾರೆ. ಬಟ್ಟೆ, ಫೋಮು, ಪ್ಲಾಸ್ಟಿಕ್ಕು ಉರಿದಾಗ ಹೊರಡುವ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ವಾಸನೆಯಿಲ್ಲದ ವಿಷವಾಯು ಸೇರಿರುತ್ತದೆ. ಅದು ರಕ್ತದೊಳಗೆ ಹೊಕ್ಕು ಪ್ರಾಣವಾಯುವಿಗೆ ಇರುವ ಸ್ಥಳವನ್ನು ತಾನು ಆಕ್ರಮಿಸುತ್ತದೆ. ಬುದ್ಧಿ ಮಂಕಾಗುತ್ತದೆ, ಕಾಲು ಸೋಲುತ್ತದೆ. ಬಿಸಿಯಾದ ಹೊಗೆ ಮೇಲಕ್ಕೇರುವುದು ಅದರ ಸ್ವಭಾವವಾದುದರಿಂದ ಬಾಗಿಲಿಲ್ಲದ ಮೆಟ್ಟಿಲ ಸಾಲೂ ತಂತಿಯ ಕೊಳವೆಯೂ ಅಡಿಗೆಮನೆಯ ಹೊಗೆಗೂಡಿನಂತೆ ಕೆಲಸ ಮಾಡುತ್ತವೆ. ವಿದ್ಯುದ್ದೀಪ ಆರುತ್ತದೆ, ಲಿಫ್ಟು ನಡುವೆ ನಿಲ್ಲುತ್ತದೆ. ಆ ಕತ್ತಲೆಯಲ್ಲಿ ಮನುಷ್ಯನು ತಾನು ದಿನವೂ ಒಳಬರುವ ಬಾಗಿಲಿನ ಕಡೆಗೇ ಓಡುತ್ತಾನೆ. ಆ ಬಾಗಿಲು ಒಳಕ್ಕೆ ತೆರೆಯುವಂಥದಾದರೆ ಹಿಂದಿನವರ ನೂಕಿನಿಂದ ಮುಂದಿನವನ ಎದೆಯೇ ಅದಕ್ಕೆ ಅಗುಳಿಯಾಗುತ್ತದೆ. ಹೀಗೆ ಕೈಗೆ ಸಿಕ್ಕುವುದು ಕೆಲವೇ ನಿಮಿಷಗಳು. ಅಷ್ಟರಲ್ಲಿ ಬೀಗದಕೈ ಯಾರ ಬಳಿ ಇದೆಯೆಂದು ಹುಡುಕಿ, ಕೂಗಿ, ತರಿಸಿ, ತಿರುಗಿಸುವಷ್ಟು ವೇಳೆ ಇರುವುದಿಲ್ಲ.

ಇದನ್ನೆಲ್ಲ ನಮ್ಮ ಶಾಸನಕರ್ತರು ಅರಿಯದವರಾಗಿರಲಿಲ್ಲ. ಸ್ವಾತಂತ್ರ್ಯ ಬಂದ ಮರುವರ್ಷವೇ, ದೇಶವು ವಿಭಜನೆಯ ನೋವಿನಿಂದ ಇನ್ನೂ ಚೇತರಿಸಿಕೊಳ್ಳದಿದ್ದಾಗ, ಅವರು ಕಾರ್ಖಾನೆಗಳ ಕಾಯಿದೆಯನ್ನು ಮಾಡಿದರು. ಅದರ ೩೮ನೆಯ ಕಲಮಿನಲ್ಲಿ ಅವರು ಇಟ್ಟ ಮಾತುಗಳು ಎಷ್ಟು ಸರಳವಾಗಿದ್ದುವೆಂಬುದನ್ನು ವಾಚಕರು ಗಮನಿಸಬೇಕು. ಕೋಣೆಯೊಳಗೆ ಒಬ್ಬನೇ ಒಬ್ಬ ಮನುಷ್ಯನಿದ್ದರೂ ಅದರಿಂದ ಹೊರಗೆ ಹೋಗುವ ಬಾಗಿಲನ್ನು ಒಳಗಿನಿಂದ ಸುಲಭವಾಗಿ, ತಕ್ಷಣ ತೆರೆಯಲಾಗದಂತೆ ಬೀಗ ಹಾಕಕೂಡದು, ಭದ್ರಪಡಿಸಕೂಡದು. ಪಕ್ಕಕ್ಕೆ ಸರಿಯುವ ಬಾಗಿಲುಗಳನ್ನುಳಿದು ಮಿಕ್ಕವು ಹೊರಕ್ಕೆ ತೆರೆಯಬೇಕು. ದಿನಬಳಕೆಯಲ್ಲಿಲ್ಲದ ತುರ್ತಿನ ದಾರಿಯನ್ನು ಬಹುಮಂದಿ ಕೆಲಸಗಾರರಿಗೆ ತಿಳಿಯುವ ಭಾಷೆಯಲ್ಲಿ, ಕೆಂಪು ಅಕ್ಷರಗಳಲ್ಲಿ ಅಥವಾ ಸ್ಪಷ್ಟವಾದ ಬೇರೆ ಗುರುತಿನಿಂದ ತೋರಿಸಬೇಕು. ಬೆಂಕಿಯ ಎಚ್ಚರಿಕೆ ಪ್ರತಿಯೊಬ್ಬನಿಗೂ ಕೇಳಬೇಕು. ಆ ದಾರಿಗೆ ಹೋಗುವ ಹಾದಿಯಲ್ಲಿ ಅಡೆತಡೆ ಇರಕೂಡದು. ನೆಲಮಟ್ಟಕ್ಕಿಂತ ಮೇಲೆ ಇಪ್ಪತ್ತಕ್ಕೆ ಮಿಕ್ಕಿ ಜನ ದುಡಿಯುವ ಕಡೆ, ಅಥವಾ ಸ್ಫೋಟಕವೋ ಬೇಗ ಉರಿಯುವ ಪದಾರ್ಥವೋ ಇರುವ ಕಡೆ, ಎಲ್ಲರಿಗೂ ಆ ದಾರಿಯ ಪರಿಚಯವೂ ಅಭ್ಯಾಸವೂ ಆಗಿರಬೇಕು. ಇದರಲ್ಲಿ ಪಂಡಿತರ ವ್ಯಾಖ್ಯಾನ ಬೇಕಾದ ಮಾತು ಒಂದೂ ಇಲ್ಲ. ಅಕ್ಷರ ಬಾರದ ಕೆಲಸಗಾರನಿಗೂ ಓದಿ ಹೇಳಿದರೆ ಅರ್ಥವಾಗುವ ಕಾನೂನು ಅದು.

ಭೋಪಾಲದ ಮಹಾದುರಂತದ ತರುವಾಯ ೧೯೮೭ರಲ್ಲಿ ಕಾಯಿದೆಯನ್ನು ತಿದ್ದಿದಾಗ, ಈ ಕಲಮನ್ನು ಸಂಕ್ಷೇಪಿಸಿ, ಸುರಕ್ಷಿತವಾಗಿ ಪಾರಾಗುವ ಸಾಧನವನ್ನು ಒದಗಿಸಿ ಕಾಪಾಡಿಕೊಳ್ಳಬೇಕೆಂಬ ಸಾಮಾನ್ಯ ವಿಧಿಯನ್ನೂ, ಎಲ್ಲ ಕೆಲಸಗಾರರಿಗೂ ತರಬೇತಿ ಕೊಡಬೇಕೆಂಬ ವಿಧಿಯನ್ನೂ ಇಟ್ಟು, ಬಾಗಿಲು ಬೀಗಗಳ ವಿವರವನ್ನು ನಿಯಮಗಳಿಗೆ ಬಿಟ್ಟರು. ಈಗ ಬಂದಿರುವ ಸಂಹಿತೆಯೂ ವಿವರಗಳನ್ನು ಬಹುಮಟ್ಟಿಗೆ ನಿಯಮಗಳಿಗೂ ಮಾನದಂಡಗಳಿಗೂ ಒಪ್ಪಿಸಿದೆ. ಕಾಯಿದೆಯಲ್ಲಿರುವ ಮಾತನ್ನು ಬದಲಾಯಿಸಲು ಪಾರ್ಲಿಮೆಂಟು ಕೂಡಬೇಕು. ನಿಯಮವನ್ನು ಬದಲಾಯಿಸಲು ಗೆಜೆಟ್ಟಿನ ಒಂದು ಪುಟ ಸಾಕು. ಇನ್ನೊಂದು ವಿಷಯ ಇದಕ್ಕಿಂತ ಹೆಚ್ಚು ಚಿಂತೆಗೆ ಎಡೆಗೊಡುತ್ತದೆ. ಹಳೆಯ ಕಾಯಿದೆಯ ಪ್ರಕಾರ ಯಂತ್ರಶಕ್ತಿಯಿಂದ ನಡೆಯುವ ಕಡೆ ೧೦ ಜನ, ಇಲ್ಲದ ಕಡೆ ೨೦ ಜನ ದುಡಿದರೆ ಅದು ಕಾರ್ಖಾನೆ. ಹೊಸ ಸಂಹಿತೆಯ ಪ್ರಕಾರ ೨೦ ಮತ್ತು ೪೦ ಜನ ಇರಬೇಕು. ೧೦ ಜನರುಳ್ಳ ಸಂಸ್ಥೆಗಳಿಗೂ ಸಂಹಿತೆಯ ಸಾಮಾನ್ಯ ಭಾಗಗಳು ಅನ್ವಯಿಸುತ್ತವೆಂಬುದು ನಿಜ. ಆದರೆ ಕಾರ್ಖಾನೆಯೆಂಬ ಹೆಸರಿನ ಜೊತೆಯಲ್ಲಿ ಬರುವ ವಿಶೇಷ ವಿಧಿಗಳು ಹದಿನೈದು ಜನ ದುಡಿಯುವ ಶೆಡ್ಡಿಗೆ ಮೊದಲಿನಂತೆ ತಾವಾಗಿ ತಗಲುವುದಿಲ್ಲ. ಪೀಣ್ಯದ ಗಲ್ಲಿಗಳಲ್ಲಾಗಲಿ ಹೆಸರಘಟ್ಟದ ರಸ್ತೆಯಲ್ಲಾಗಲಿ ಹತ್ತು ಹದಿನೈದು ಜನರ ಶೆಡ್ಡುಗಳೇ ಹೆಚ್ಚಲ್ಲವೆ? ಹೊಗೆಯು ಹಾಜರಿ ಪಟ್ಟಿಯನ್ನು ನೋಡಿ ಒಳಗೆ ಬರುತ್ತದೆಯೆ?

ಹಾಗಾದರೆ ಬೀಗ ಹಾಕುವವರು ದುಷ್ಟರೇ ಎಂದರೆ, ಅಲ್ಲವೆಂದೇ ನಾವು ಹೇಳುತ್ತೇವೆ. ತನ್ನ ಕೆಲಸಗಾರರು ಸಾಯಲಿ ಎಂದು ಬಯಸುವ ಯಜಮಾನನಿಲ್ಲ. ಅವನು ಬೀಗ ಹಾಕುವುದು ಕಳ್ಳತನದ ಭಯದಿಂದ; ಹೇಳದೆ ಕೇಳದೆ ಹೊರಗೆ ಹೋಗುವವರನ್ನು ತಡೆಯುವ ಆಸೆಯಿಂದ; ಒಂದೇ ಬಾಗಿಲಾದರೆ ಒಬ್ಬನೇ ಕಾವಲುಗಾರ ಸಾಕೆಂಬ ಲೆಕ್ಕದಿಂದ. ಲೆಕ್ಕ ಸಣ್ಣದು, ಅದಕ್ಕೆ ತೆತ್ತ ಬೆಲೆ ದೊಡ್ಡದು. ೧೯೧೧ನೆಯ ಇಸವಿ ಮಾರ್ಚ್ ೨೫ರಂದು ನ್ಯೂಯಾರ್ಕ್ ನಗರದ ಟ್ರಯಾಂಗಲ್ ಎಂಬ ಉಡುಪಿನ ಕಾರ್ಖಾನೆಯಲ್ಲಿ ೧೪೬ ಜನ ಸತ್ತರು. ಅವರಲ್ಲಿ ಬಹುಮಂದಿ ಹೊಟ್ಟೆಪಾಡಿಗಾಗಿ ದೇಶಬಿಟ್ಟು ಬಂದ ಎಳೆಯ ಹೆಣ್ಣುಮಕ್ಕಳು. ಒಂಬತ್ತನೆಯ ಅಂತಸ್ತಿನ ಒಂದು ಬಾಗಿಲಿಗೆ ಬೀಗ ಬಿದ್ದಿತ್ತು. ಅಗ್ನಿಶಾಮಕದವರ ಏಣಿ ಆರನೆಯ ಅಂತಸ್ತಿಗಿಂತ ಮೇಲಕ್ಕೆ ನಿಲುಕಲಿಲ್ಲ. ಯಜಮಾನರಿಬ್ಬರ ಮೇಲೆ ಮೊಕದ್ದಮೆ ನಡೆಯಿತು, ಅವರು ಬಿಡುಗಡೆಯಾದರು. ಬಾಗಿಲಿಗೆ ಆ ಹೊತ್ತಿನಲ್ಲಿ ಬೀಗ ಬಿದ್ದಿತ್ತೆಂಬುದು ಯಜಮಾನರಿಗೆ ಗೊತ್ತಿತ್ತೆಂದು ರುಜುವಾತಾಗಬೇಕಾಗಿತ್ತು. ಆ ರುಜುವಾತು ಜ್ಯೂರಿಯವರಿಗೆ ಸಾಲಲಿಲ್ಲ. ಆ ಬೆಂಕಿಯ ಬಳಿಕ ನ್ಯೂಯಾರ್ಕಿನವರು ವಿಚಾರಣಾ ಆಯೋಗವನ್ನು ನೇಮಿಸಿ ಕಾರ್ಖಾನೆಗಳ ಕಾನೂನನ್ನೇ ಹೊಸದಾಗಿ ಕಟ್ಟಿದರು. ಬೀಗ ಹಾಕಿದವರು ಯಾರೆಂಬುದು ಬೆಂಕಿಯ ತರುವಾಯ ಎಂದಿಗೂ ಸ್ಪಷ್ಟವಾಗುವುದಿಲ್ಲ. ಬೆಂಕಿಗೆ ಮೊದಲೇ ಅದು ಬರಹದಲ್ಲಿರಬೇಕು. ಈ ಒಂದು ಪಾಠವನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ.

ನೂರು ವರ್ಷ ಕಳೆದ ಮೇಲೂ ಅದೇ ಕಥೆ ನಮ್ಮ ನೆರೆಹೊರೆಯಲ್ಲಿ ನಡೆಯಿತು. ೨೦೧೨ರ ಸೆಪ್ಟೆಂಬರ್ ೧೧ರಂದು ಕರಾಚಿಯ ಉಡುಪಿನ ಕಾರ್ಖಾನೆಯಲ್ಲಿ ೨೫೦ಕ್ಕೂ ಹೆಚ್ಚು ಜನ, ಅದೇ ವರ್ಷ ನವೆಂಬರ್ ೨೪ರಂದು ಢಾಕಾ ಬಳಿಯ ತಾಜ್ರೀನ್ ಕಾರ್ಖಾನೆಯಲ್ಲಿ ೧೧೦ಕ್ಕೂ ಹೆಚ್ಚು ಜನ, ಮುಚ್ಚಿದ ದಾರಿಗಳ ಹಿಂದೆ, ಸರಳು ಹಾಕಿದ ಕಿಟಕಿಗಳ ಹಿಂದೆ ಮಡಿದರು. ನಮ್ಮ ದೆಹಲಿಯಲ್ಲಿಯೇ ೨೦೧೯ರ ಡಿಸೆಂಬರ್ ೮ರಂದು ಅನಾಜ್ ಮಂಡಿಯಲ್ಲಿ ಮಲಗಿದ್ದ ೪೩ ಜನ, ೨೦೨೨ರ ಮೇ ೧೩ರಂದು ಮುಂಡ್ಕಾದಲ್ಲಿ ೨೭ ಜನ ಬಲಿಯಾದರು. ಬಾಂಗ್ಲಾದೇಶದವರು ೨೦೧೩ರಲ್ಲಿ, ರಾಣಾ ಪ್ಲಾಜಾ ಕುಸಿದು ಸಾವಿರಕ್ಕೂ ಮಿಕ್ಕಿ ಜನ ಸತ್ತ ಬಳಿಕ, ಕೊಳ್ಳುವ ಕಂಪನಿಗಳೂ ಕಾರ್ಮಿಕ ಸಂಘಗಳೂ ಕೂಡಿ ಮಾಡಿಕೊಂಡ ಒಪ್ಪಂದದ ಮೂಲಕ ಕಾರ್ಖಾನೆ ಕಾರ್ಖಾನೆಗೂ ತನಿಖೆ ನಡೆಸಿ, ಹೊರಹೋಗುವ ದಾರಿಗಳಲ್ಲಿ ಬೀಗ ಹಾಕಬಹುದಾದ ಬಾಗಿಲುಗಳನ್ನೂ ಎಳೆಗೇಟುಗಳನ್ನೂ ತೆಗೆಸತೊಡಗಿದರು. ನೆರೆಯವರು ಸಾವಿರ ಹೆಣಗಳ ಬೆಲೆ ಕೊಟ್ಟು ಕಲಿತುದನ್ನು ನಾವು ಬೆಲೆಯಿಲ್ಲದೆ ಕಲಿಯಬಹುದಾಗಿದೆ. ಊರು ಕೊಳ್ಳೆ ಹೋದ ಮೇಲೆಯೇ ಕೋಟೆಯ ಬಾಗಿಲನ್ನು ನೆನೆಯಬೇಕೆಂಬ ಹಟವೇಕೆ? ನಮ್ಮ ವಿಷಯದಲ್ಲಾದರೋ ನೆನೆಯಬೇಕಾದುದು ಬಾಗಿಲು ಹಾಕುವುದನ್ನಲ್ಲ, ತೆರೆಯುವುದನ್ನು.

ಕಳ್ಳತನದ ಭಯಕ್ಕೆ ಉತ್ತರವಿಲ್ಲದೆ ಇಲ್ಲ. ೧೯೦೩ರ ಡಿಸೆಂಬರ್ ೩೦ರಂದು ಷಿಕಾಗೋ ನಗರದ ಇರೊಕ್ವಾ ನಾಟಕಶಾಲೆಯಲ್ಲಿ ಆರುನೂರಕ್ಕೂ ಹೆಚ್ಚು ಜನ ಸತ್ತ ಮೇಲೆ ಆ ದೇಶದಲ್ಲಿ ಒಂದು ಸಣ್ಣ ಉಪಕರಣ ಬಳಕೆಗೆ ಬಂದಿತು. ಬಾಗಿಲಿನ ಒಳಮೈಗೆ ಸೊಂಟದೆತ್ತರದಲ್ಲಿ ಅಡ್ಡಲಾಗಿ ಒಂದು ಲೋಹದ ಪಟ್ಟಿ. ಹೊರಗಿನಿಂದ ಬಾಗಿಲು ಭದ್ರ. ಒಳಗಿನಿಂದ ಯಾರಾದರೂ ಪಟ್ಟಿಯನ್ನು ಕೈಯಿಂದಲೋ ಮೈಯಿಂದಲೋ ಅದುಮಿದರೆ ಬಾಗಿಲು ಹೊರಕ್ಕೆ ತೆರೆದುಕೊಳ್ಳುತ್ತದೆ. ಅದಕ್ಕೆ ಒಂದು ಗಂಟೆಯನ್ನು ಕೂಡಿಸಿದರೆ ಬಾಗಿಲು ತೆರೆದ ಕೂಡಲೆ ಅದು ಬಾರಿಸುತ್ತದೆ. ಕಳ್ಳನು ಹೋದರೆ ಕಾವಲುಗಾರನಿಗೆ ತಿಳಿಯುತ್ತದೆ. ಬೆಂಕಿ ಬಿದ್ದರೆ ಎಲ್ಲರೂ ಹೊರಗೆ ಬರುತ್ತಾರೆ. ಈ ಉಪಕರಣ ಇಂದು ನಮ್ಮ ಪೇಟೆಯಲ್ಲಿ ದೊರೆಯುತ್ತದೆ. ದೊಡ್ಡ ಮಾಲುಗಳಲ್ಲಿಯೂ ಸಿನಿಮಾ ಮಂದಿರಗಳಲ್ಲಿಯೂ ವಾಚಕರು ಇದನ್ನು ಕಂಡಿರಬಹುದು. ಸಿನಿಮಾ ನೋಡಲು ಹೋದವನ ಪ್ರಾಣಕ್ಕೆ ಇರುವ ಬೆಲೆ ಅಂಗಿ ಹೊಲಿಯುವವಳ ಪ್ರಾಣಕ್ಕೆ ಇಲ್ಲವೆಂದು ಯಾವ ಯಜಮಾನನೂ ಬಾಯಿಬಿಟ್ಟು ಹೇಳಲಾರನು.

ಖರ್ಚಿನ ಮಾತನ್ನು ಸಣ್ಣ ಕಾರ್ಖಾನೆಯವರು ಎತ್ತುವುದು ಸಹಜ. ಅವರ ಕಷ್ಟವನ್ನು ನಾವು ಬಲ್ಲೆವು. ಬಾಡಿಗೆಯ ಶೆಡ್ಡು, ಬ್ಯಾಂಕಿನ ಸಾಲ, ತಡವಾಗಿ ಬರುವ ಹಣ, ಇವುಗಳ ನಡುವೆ ಎರಡನೆಯ ಮೆಟ್ಟಿಲು ಕಟ್ಟಿಸಿರೆಂದರೆ ಅದು ಹೊರೆಯೇ. ಆದರೆ ನಾವು ಮೊದಲು ಕೇಳುತ್ತಿರುವುದು ಖರ್ಚಿಲ್ಲದ ಕೆಲಸಗಳನ್ನು. ಕೆಲಸದ ಹೊತ್ತಿನಲ್ಲಿ ಬೀಗ ತೆಗೆದಿಡುವುದಕ್ಕೆ ಖರ್ಚಿಲ್ಲ. ಬಾಗಿಲ ಮುಂದಿನ ಮೂಟೆಯನ್ನು ಪಕ್ಕಕ್ಕೆ ಸರಿಸುವುದಕ್ಕೆ ಖರ್ಚಿಲ್ಲ. ಮೆಟ್ಟಿಲ ಕೆಳಗೆ ಬಣ್ಣದ ಡಬ್ಬಗಳನ್ನೂ ಸಿಲಿಂಡರುಗಳನ್ನೂ ಇಡದಿರುವುದಕ್ಕೆ ಖರ್ಚಿಲ್ಲ. ರಾತ್ರಿ ಕೆಲಸಗಾರರು ಒಳಗೆ ಮಲಗುವುದಾದರೆ ಷಟರಿಗೆ ಹೊರಗಿನಿಂದ ಬೀಗ ಹಾಕದಿರುವುದಕ್ಕೆ ಖರ್ಚಿಲ್ಲ. ೨೦೧೬ರ ರಾಷ್ಟ್ರೀಯ ಕಟ್ಟಡ ಸಂಹಿತೆಯು ಹೊರಬಾಗಿಲು ಒಂದು ಮೀಟರಿಗಿಂತ ಕಡಿಮೆ ಅಗಲವಿರಬಾರದು, ಎರಡು ಮೀಟರಿಗಿಂತ ಕಡಿಮೆ ಎತ್ತರವಿರಬಾರದು, ಒಳಗಿರುವವನು ಬೀಗದಕೈ ಇಲ್ಲದೆ ತೆರೆಯುವಂತಿರಬೇಕು, ಲಿಫ್ಟನ್ನು ಹೊರಹೋಗುವ ದಾರಿಯೆಂದು ಎಣಿಸಲಾಗದು ಎನ್ನುತ್ತದೆ. ಹೊಸ ಕಟ್ಟಡಕ್ಕೆ ಇದು ಮೊದಲ ದಿನವೇ ನಡೆಯತಕ್ಕದ್ದು. ಹಳೆಯದಕ್ಕೆ ವಾಯಿದೆ ಕೊಟ್ಟು ನಡೆಸತಕ್ಕದ್ದು. ಮೆಟ್ಟಿಲು ಕಟ್ಟಿಸಲಾರದ ಸಣ್ಣವರಿಗೆ ಕಡಿಮೆ ಬಡ್ಡಿಯ ಸಾಲದ ಸೌಕರ್ಯವನ್ನು ರಾಜ್ಯ ಸರ್ಕಾರದವರು ಏರ್ಪಡಿಸಿದರೆ ಅದು ದಾನವಲ್ಲ, ವಿವೇಕ.

ಇನ್ನು ಅಧಿಕಾರಿವರ್ಗದ ವಿಷಯ. ನಮ್ಮಲ್ಲಿ ತನಿಖೆಯೆಂದರೆ ಬಹುಮಟ್ಟಿಗೆ ಕಾಗದದ ತನಿಖೆ. ಸರ್ಟಿಫಿಕೇಟು ಇದೆಯೆ, ನಕ್ಷೆಗೆ ಮೊಹರು ಬಿದ್ದಿದೆಯೆ, ಶುಲ್ಕ ಸಂದಾಯವಾಗಿದೆಯೆ ಎಂದು ಕಡತವನ್ನು ತಿರುವಿ, ಷರಾ ಬರೆದು, ಕಾಫಿ ಕುಡಿದು ಹೊರಡುವುದು ರೂಢಿ. ಕಡತದಲ್ಲಿ ತೆರೆದಿರುವ ಬಾಗಿಲು ಗೋಡೆಯಲ್ಲಿ ಮುಚ್ಚಿರುತ್ತದೆ. ತನಿಖೆಗೆ ಹೋದ ಅಧಿಕಾರಿಯು ಕಚೇರಿಯ ಕೋಣೆಯಲ್ಲಿ ಕೂರುವುದಕ್ಕೆ ಮೊದಲು ಅತ್ಯಂತ ಮೇಲಿನ ಅಂತಸ್ತಿಗೆ ಹೋಗಿ, ಅಲ್ಲಿಂದ ತುರ್ತಿನ ದಾರಿ ಹಿಡಿದು, ಪ್ರತಿಯೊಂದು ಬಾಗಿಲನ್ನೂ ತನ್ನ ಕೈಯಿಂದಲೇ ತೆರೆದು, ಬೀದಿಯವರೆಗೆ ನಡೆದು ನೋಡಲಿ. ಅದಕ್ಕೆ ಎಷ್ಟು ನಿಮಿಷ ಹಿಡಿಯಿತೆಂಬುದನ್ನು ಷರಾದಲ್ಲಿ ಬರೆಯಲಿ. ಹೊಸ ಸಂಹಿತೆಯಲ್ಲಿ ಇನ್‌ಸ್ಪೆಕ್ಟರರಿಗೆ ಸುಗಮಕಾರರೆಂಬ ಹೆಸರೂ ಸೇರಿದೆ. ಎಲ್ಲಿಗೆ ಹೋಗಬೇಕೆಂಬುದನ್ನು ಯಂತ್ರವೇ ಚೀಟಿ ಎತ್ತಿದಂತೆ ಆರಿಸುವ ಏರ್ಪಾಡೂ ಇದೆ. ಲಂಚ ರುಷುವತ್ತುಗಳನ್ನು ತಡೆಯಲು ಇದು ಉಪಯೋಗವಾಗಬಹುದು, ಬೇಡವೆನ್ನುವುದಿಲ್ಲ. ಆದರೆ ಸುಗಮವಾಗಬೇಕಾದುದು ಯಜಮಾನರ ವ್ಯವಹಾರ ಮಾತ್ರವಲ್ಲ. ಒಳಗಿರುವವರು ಹೊರಗೆ ಬರುವ ಹಾದಿಯೂ ಸುಗಮವಾಗಬೇಕು. ತನಿಖೆಗಳು ಕಡಿಮೆಯಾಗುವುದೇ ಸುಧಾರಣೆಯೆಂದು ಯಾರಾದರೂ ಭಾವಿಸಿದ್ದರೆ ಅವರು ಕಾರ್ಲ್‌ಟನ್ ಕಟ್ಟಡವನ್ನು ಒಮ್ಮೆ ಸ್ಮರಿಸಿಕೊಳ್ಳಲಿ.

ಕೆಲಸಗಾರರಿಗೂ ಎರಡು ಮಾತು ಹೇಳದೆ ಇರಲಾರೆವು. ಬೆಂಕಿಯ ಅಭ್ಯಾಸವೆಂದರೆ ನಗುತ್ತ ಹೊರಗೆ ಹೋಗಿ ಬೀಡಿ ಹಚ್ಚುವ ವಿರಾಮವಲ್ಲ. ದಾರಿಯಲ್ಲಿ ಸರಕನ್ನು ಇಡುವ ಕೈ ಅನೇಕ ವೇಳೆ ಯಜಮಾನರದಲ್ಲ, ನಮ್ಮದೇ. ಪ್ರಾಣಾಪಾಯದ ಶಂಕೆಯಿದ್ದರೆ ಅದನ್ನು ಯಜಮಾನರಿಗೂ ಸರ್ಕಾರದ ನಿರೀಕ್ಷಕರಿಗೂ ತಿಳಿಸುವ ಹಕ್ಕನ್ನು ಸಂಹಿತೆಯು ಕೆಲಸಗಾರನಿಗೆ ಕೊಟ್ಟಿದೆ. ಆ ಹಕ್ಕನ್ನು ಉಪಯೋಗಿಸಿಕೊಳ್ಳಬೇಕು. ಆದರೆ ಇದರ ಹೊಣೆಯನ್ನೆಲ್ಲ ಅವರ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ಪೀಣ್ಯದ ಉಡುಪಿನ ಕಾರ್ಖಾನೆಗಳಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಹೆಂಗಸರು. ಇತ್ತೀಚೆಗೆ ಒಡಿಶಾ, ಬಿಹಾರ, ಜಾರ್ಖಂಡಗಳಿಂದ ಬಂದವರೂ ಬಹಳ. ಗೋಡೆಯ ಮೇಲೆ ಇಂಗ್ಲಿಷಿನಲ್ಲಿ ಮಾತ್ರ ಬರೆದ ಹಸುರು ಹಲಗೆ ಅವರಲ್ಲಿ ಎಷ್ಟು ಜನಕ್ಕೆ ಅರ್ಥವಾದೀತು? ಕನ್ನಡ ನಾಡಿನಲ್ಲಿ ಕನ್ನಡದ ಹಲಗೆ ಮೊದಲು ಇರಬೇಕೆಂಬುದು ನಮ್ಮ ಅಭಿಮಾನದ ಮಾತು. ಅದರ ಕೆಳಗೆ ಹಿಂದಿಯೂ ಒಡಿಯಾವೂ ಇರಬೇಕೆಂಬುದು ಮನುಷ್ಯತ್ವದ ಮಾತು. ಹೊಟ್ಟೆಪಾಡಿಗೆ ನಮ್ಮ ಊರಿಗೆ ಬಂದವರ ಪ್ರಾಣ ನಮ್ಮ ಊರಿನ ಹೊಣೆ. ಈ ಎರಡು ಮಾತುಗಳಿಗೆ ವಿರೋಧವೇನೂ ಇಲ್ಲ.

ಆದಕಾರಣ ನಾವು ರಾಜ್ಯ ಸರ್ಕಾರದವರಲ್ಲಿ ಐದು ವಿಷಯಗಳನ್ನು ನಿವೇದಿಸಿಕೊಳ್ಳುತ್ತೇವೆ. ಮೊದಲನೆಯದಾಗಿ, ೧೯೪೮ರ ೩೮ನೆಯ ಕಲಮಿನಲ್ಲಿದ್ದ ಬಾಗಿಲು, ಬೀಗ, ಹಾದಿ, ಗುರುತು, ಗಂಟೆಗಳ ಮಾತುಗಳು ಒಂದೂ ಬಿಡದೆ ಹೊಸ ಸಂಹಿತೆಯ ಕೆಳಗಿನ ನಿಯಮಗಳಲ್ಲಿ ಇರಬೇಕು. ಎರಡನೆಯದಾಗಿ, ಬೀಗದ ನಿಷೇಧಕ್ಕೆ ಜನರ ಸಂಖ್ಯೆಯ ಮಿತಿ ಇರಕೂಡದು. ಒಬ್ಬನು ಒಳಗಿದ್ದರೂ ಅದು ಅನ್ವಯಿಸಬೇಕು. ಅಂಗಡಿಗೂ ಗೋದಾಮಿಗೂ ಬಾರಿಗೂ ಅನ್ವಯಿಸಬೇಕು. ಮೂರನೆಯದಾಗಿ, ಪ್ರತಿಯೊಂದು ಕೆಲಸದ ಸ್ಥಳದಲ್ಲಿಯೂ ಒಂದು ಬಾಗಿಲ ಪುಸ್ತಕ ಇರಬೇಕು. ದಿನವೂ ಕೆಲಸಕ್ಕೆ ಮೊದಲು ಯಜಮಾನರ ಕಡೆಯವನೊಬ್ಬನೂ ಕೆಲಸಗಾರನೊಬ್ಬನೂ ಕೂಡಿ ಎಲ್ಲ ಹೊರಬಾಗಿಲುಗಳನ್ನೂ ಒಳಗಿನಿಂದ ತೆರೆದು ನೋಡಿ, ಇಬ್ಬರೂ ರುಜು ಹಾಕಬೇಕು. ಆಗ ನ್ಯೂಯಾರ್ಕಿನ ಯಜಮಾನರಂತೆ ನಮಗೆ ಗೊತ್ತಿರಲಿಲ್ಲವೆಂದು ಹೇಳಿಕೊಳ್ಳುವ ಅವಕಾಶ ಯಾರಿಗೂ ಉಳಿಯುವುದಿಲ್ಲ. ನಾಲ್ಕನೆಯದಾಗಿ, ಬೀಗ ಹಾಕಿದ ಬಾಗಿಲು ತನಿಖೆಯಲ್ಲಿ ಸಿಕ್ಕಿದರೆ ನೋಟೀಸು ಕೊಟ್ಟು ತಿಂಗಳು ಕಾಯದೆ, ಆ ಬಾಗಿಲು ತೆರೆಯುವವರೆಗೆ ಅಲ್ಲಿನ ಕೆಲಸವನ್ನು ನಿಲ್ಲಿಸಬೇಕು. ಆ ಹೊತ್ತಿನ ಕೂಲಿಯನ್ನು ಕೆಲಸಗಾರರಿಗೆ ತಪ್ಪಿಸಬಾರದು. ಐದನೆಯದಾಗಿ, ಕಾರ್ಮಿಕ ಇಲಾಖೆ, ಅಗ್ನಿಶಾಮಕ ಇಲಾಖೆ, ನಗರಾಡಳಿತ, ಈ ಮೂವರೂ ಇದು ನಮ್ಮದಲ್ಲ ಅವರದು ಎಂದು ಕಡತವನ್ನು ಚೆಂಡಾಡದಂತೆ, ಒಂದೊಂದು ಕಟ್ಟಡದ ದಾರಿಗೂ ಒಬ್ಬನೇ ಅಧಿಕಾರಿ ಹೊಣೆಯೆಂದು ಗೊತ್ತುಮಾಡಬೇಕು.

ಇವುಗಳಲ್ಲಿ ಯಾವುದಕ್ಕೂ ಅಪಾರ ದ್ರವ್ಯ ಬೇಕಿಲ್ಲ. ವಿದೇಶದ ತಜ್ಞರೂ ಬೇಕಿಲ್ಲ. ದೇಶದ ಉದ್ಯಮ ಬೆಳೆಯಬೇಕೆಂದು ನಾವು ಸದಾ ಬರೆಯುತ್ತ ಬಂದವರು. ಉದ್ಯಮವು ಬೆಳೆಯುವುದೆಂದರೆ ಸರಕು ಮಾತ್ರ ಕ್ಷೇಮವಾಗಿ ಹೊರಗೆ ಬರುವುದಲ್ಲ. ಸರಕನ್ನು ಮಾಡಿದವರೂ ಸಂಜೆಗೆ ಕ್ಷೇಮವಾಗಿ ಹೊರಗೆ ಬರುವುದು. ಪರರ ಆಳಿಕೆಯಲ್ಲಿ ಬಾಗಿಲು ಮುಚ್ಚಿದ್ದರೆ ಪರರನ್ನು ದೂರುತ್ತಿದ್ದೆವು. ಈಗ ಕಾನೂನೂ ನಮ್ಮದು, ಬೀಗವೂ ನಮ್ಮದು, ಬೀಗದಕೈಯೂ ನಮ್ಮ ಜೇಬಿನಲ್ಲಿಯೇ ಇದೆ. ಪೀಣ್ಯದ ಯಜಮಾನರೂ ಹೆಸರಘಟ್ಟದ ರಸ್ತೆಯ ಸಣ್ಣ ಉದ್ಯಮಿಗಳೂ ಸರ್ಕಾರದ ನಿಯಮಕ್ಕೆ ಕಾಯದೆ ನಾಳೆ ಬೆಳಗ್ಗೆಯೇ ತಮ್ಮ ಹಿಂದಿನ ಬಾಗಿಲಿನ ಬಳಿಗೆ ಹೋಗಿ ಅದನ್ನು ಒಳಗಿನಿಂದ ತಳ್ಳಿ ನೋಡಲಿ. ತೆರೆದರೆ ಸಂತೋಷ, ತೆರೆಯದಿದ್ದರೆ ಅದನ್ನು ತೆರೆಸಿದ ಮೇಲೆಯೇ ಯಂತ್ರವನ್ನು ನಡೆಸಲಿ.